‘ಇನ್‌ಕ್ಲಿನೇಶನ್’ ಅಂದ್ರೆ ಒಲವಾ, ಓರೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಸೈಡಿಗೆ ಸ್ವಲ್ಪ ಅನುವಾದದ ಕೆಲಸವೂ ಉಂಟು. ‘ಇನ್‌ಕ್ಲಿನೇಶನ್’ ಎಂಬ ಒಂದೇ ಪದದ ಮೇಲೆ ನನಗೆ ಬಂದಷ್ಟು ಪ್ರಶ್ನೆ ಬೇರೆ ಯಾವ ಪದದ ಮೇಲೂ ಬಂದಿಲ್ಲ. ಪ್ರತಿ ಬ್ಯಾಚಿಗೂ ಅದನ್ನೇ ಹೇಳಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಸರ್, ಮೊದಲು ಅರ್ಥ ಹೇಳಿಬಿಡಿ. ಏನಿದು?

ಎರಡು ಅರ್ಥ. ಒಂದು ಮನಸ್ಸಿನದು, ಇನ್ನೊಂದು ವಸ್ತುವಿನದು. ಮನಸ್ಸು ಒಂದು ಕಡೆಗೆ ವಾಲಿದರೆ ಅದು ಇನ್‌ಕ್ಲಿನೇಶನ್. ಗೋಡೆಯೋ ಗೆರೆಯೋ ರಸ್ತೆಯೋ ಒಂದು ಕಡೆಗೆ ವಾಲಿದರೆ ಅದೂ ಇನ್‌ಕ್ಲಿನೇಶನ್.

ಒಂದು ಮಾತು ಗಮನಿಸಿ. ವಾಲಿದೆ ಅಷ್ಟೇ, ಬಿದ್ದಿಲ್ಲ. ಮನಸ್ಸು ಆ ಕಡೆ ಇದೆ, ಆದರೆ ನಿರ್ಧಾರ ಇನ್ನೂ ಆಗಿಲ್ಲ. ಈ ‘ಇನ್ನೂ’ ಎಂಬ ಜಾಗದಲ್ಲೇ ಈ ಪದ ಕೂತಿರುವುದು. ಅದನ್ನು ಬಿಟ್ಟರೆ ಎಲ್ಲ ತರ್ಜುಮೆಯೂ ತಪ್ಪುತ್ತದೆ.

‘ಒಲವು’ ಅಂತ ಬರೆದರೆ ಸಾಕಲ್ವಾ? ಡಿಕ್ಷನರಿಯಲ್ಲಿ ಹಾಗೇ ಇದೆ.

ಮನಸ್ಸಿನ ಅರ್ಥಕ್ಕೆ ಸಾಕು. ‘ಅವಳಿಗೆ ಸಂಗೀತದ ಕಡೆ ಒಲವು’ ಅಂದರೆ ಯಾರಿಗೂ ಕಷ್ಟವಿಲ್ಲ. ವಸ್ತುವಿನ ಅರ್ಥಕ್ಕೆ ಮಾತ್ರ ಹಾಕಲೇಬೇಡಿ. ಹಾಕಿ ಕೆಟ್ಟವನು ನಾನೇ.

ಕೆಲವು ವರ್ಷಗಳ ಹಿಂದೆ ಸೋಲಾರ್ ಪಂಪ್‌ಸೆಟ್ಟಿನ ಒಂದು ಕೈಪಿಡಿ ಕನ್ನಡಕ್ಕೆ ಬೇಕಿತ್ತು. ಕೊಟ್ಟವರು ರಾತ್ರೋರಾತ್ರಿ ಬೇಕು ಅಂದರು. ‘ಆಂಗಲ್ ಆಫ್ ಇನ್‌ಕ್ಲಿನೇಶನ್’ ಬಂತು. ನಿದ್ದೆಗಣ್ಣಲ್ಲಿ ಡಿಕ್ಷನರಿ ನೋಡಿ ಬರೆದೆ: ‘ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 17 ಡಿಗ್ರಿ ಒಲವಿನ ಕೋನದಲ್ಲಿ ಅಳವಡಿಸಿ.’ ಅದು ಅಚ್ಚೂ ಆಯಿತು. ಹಳ್ಳಿಯೊಂದರಲ್ಲಿ ಅದನ್ನು ರೈತರಿಗೆ ಓದಿ ಹೇಳುವಾಗ ನಾನೂ ಅಲ್ಲೇ ಇದ್ದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ಬೀಡಿ ಕೆಳಗಿಟ್ಟು ಕೇಳಿದ: ‘ಸರ, ಪ್ಲೇಟಿಗಿ 17 ಡಿಗ್ರಿ ಪ್ರೀತಿ ಹ್ಯಾಂಗ ಮಾಡೋದ್ರಿ?’

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಕೊನೆಗೆ ಮುದುಕನೇ ಒಂದು ತಗಡನ್ನು ಕಲ್ಲಿಗೆ ಆನಿಸಿ, ‘ಹಿಂಗ ಓರೆ ಇಡಬೇಕಲ್ಲಾ?’ ಅಂದ. ಅದೇ ಪದ. ಓರೆ. ‘17 ಡಿಗ್ರಿ ಓರೆಯಾಗಿ ಇಡಿ’ ಅಂತ ಬರೆದಿದ್ದರೆ ಮುಗಿದಿತ್ತು.

ಅಂದ ಹಾಗೆ ಆ 17 ಸುಮ್ನೆ ಬಂದದ್ದಲ್ಲ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷವಿಡೀ ಅಲುಗಾಡಿಸದೆ ಇಡುವ ಫಲಕವನ್ನು ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ ಓರೆ ಮಾಡಿ ದಕ್ಷಿಣಕ್ಕೆ ತಿರುಗಿಸುವುದು ರೂಢಿ.

ಈ ಪದ ಎಲ್ಲಿಂದ ಬಂತು?

ಲ್ಯಾಟಿನ್ನಿನ ‘ಇನ್‌ಕ್ಲಿನಾರೆ’ಯಿಂದ. ಬಾಗು, ವಾಲು ಎಂದು ಅರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಅದೇ ಮನೆಯ ಮಕ್ಕಳು ‘ಡಿಕ್ಲೈನ್’, ‘ರಿಕ್ಲೈನ್’. ರಿಕ್ಲೈನ್ ಅಂದರೆ ಹಿಂದಕ್ಕೆ ಒರಗುವುದು. ಸ್ಲೀಪರ್ ಬಸ್ಸಿಗೆ ದುಡ್ಡು ಸಾಲದಿದ್ದಾಗ ನಾವು ಹತ್ತುವ ಸೆಮಿ ಸ್ಲೀಪರ್ ಸೀಟು ಮಾಡುವುದು ಅದನ್ನೇ. ಗ್ರೀಕ್ ಕಡೆಯಿಂದ ಬಂದ ‘ಕ್ಲಿನಿಕ್’ ಕೂಡ ಇದೇ ಬಳಗ. ಗ್ರೀಕಿನಲ್ಲಿ ‘ಕ್ಲಿನೆ’ ಅಂದರೆ ಒರಗುವ ಮಂಚ, ಕ್ಲಿನಿಕ್ ಹುಟ್ಟಿದ್ದು ರೋಗಿಯ ಮಂಚದಿಂದ. ‘ಕ್ಲೈಮೇಟ್’ ಕೂಡ ಹಾಗೇ, ‘ಇಳಿಜಾರು’ ಎಂಬ ಗ್ರೀಕ್ ಪದದಿಂದ ಬಂದದ್ದು.

ಇಷ್ಟು ಹೇಳಿ ಕ್ಲಾಸಿನಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಮುಂದಿನದು ನನಗೆ ತುಂಬಾ ಇಷ್ಟದ್ದು. ಇದೇ ಹಳೆಯ ಬೇರಿನ ಇನ್ನೊಂದು ಕವಲು ಸಂಸ್ಕೃತಕ್ಕೂ ಬಂದಿದೆ. ಅಲ್ಲಿ ಅದು ‘ಶ್ರಿ’ ಧಾತು, ಒರಗು, ಆತುಕೊಳ್ಳು ಎಂದು ಅರ್ಥ. ಅದರಿಂದ ‘ಆಶ್ರಯ’. ಅಂದರೆ ‘ಇನ್‌ಕ್ಲಿನೇಶನ್’ ಮತ್ತು ‘ಆಶ್ರಯ’ ದೂರದ ಅಣ್ಣತಮ್ಮಂದಿರು. ಒಬ್ಬ ಒಂದು ಕಡೆಗೆ ವಾಲುತ್ತಾನೆ, ಇನ್ನೊಬ್ಬನಿಗೆ ಒರಗಲು ಗೋಡೆ ಸಿಕ್ಕಿದೆ.

ಗಣಿತ, ವಿಜ್ಞಾನದಲ್ಲಿ ಇದು ಬಂದರೆ?

ಅಲ್ಲಿ ಮನಸ್ಸಿಗೆ ಕೆಲಸವಿಲ್ಲ, ಬರೀ ಕೋನ. ಪಿಯುಸಿ ಮೊದಲ ವರ್ಷದಲ್ಲಿ ಸರಳರೇಖೆ ಪಾಠ ಇದೆಯಲ್ಲ, ಅಲ್ಲಿ ರೇಖೆಯು ಎಕ್ಸ್ ಅಕ್ಷದ ಜೊತೆ ಮಾಡುವ ಕೋನವೇ ಇನ್‌ಕ್ಲಿನೇಶನ್. ಆ ಕೋನದ ಟ್ಯಾನ್ ತೆಗೆದರೆ ಸ್ಲೋಪ್. 45 ಡಿಗ್ರಿ ಇದ್ದರೆ ಸ್ಲೋಪ್ 1. ಕೋನ ಬೇರೆ, ಸ್ಲೋಪ್ ಬೇರೆ. ಪರೀಕ್ಷೆಯಲ್ಲಿ ಇಲ್ಲೇ ಎಡವುತ್ತಾರೆ.

ಖಗೋಳದಲ್ಲಿ ಒಂದು ಕಕ್ಷೆಯ ಸಮತಲ ಇನ್ನೊಂದಕ್ಕೆ ಎಷ್ಟು ಓರೆ ಎಂಬುದು ಇನ್‌ಕ್ಲಿನೇಶನ್. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆ. ಅದಿಲ್ಲದಿದ್ದರೆ ಪ್ರತಿ ಹುಣ್ಣಿಮೆಗೆ ಚಂದ್ರಗ್ರಹಣ, ಪ್ರತಿ ಅಮಾವಾಸ್ಯೆಗೆ ಸೂರ್ಯಗ್ರಹಣ ಆಗುತ್ತಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿದೆ. ಹಾಗಾಗಿಯೇ ಅದು ಒಮ್ಮೊಮ್ಮೆ ನಮ್ಮ ಊರ ಮೇಲೂ ಹಾಯುತ್ತದೆ, ಸಂಜೆ ಮಾಳಿಗೆ ಹತ್ತಿದರೆ ಚುಕ್ಕಿಯಂತೆ ಕಾಣುತ್ತದೆ. ಆಯಸ್ಕಾಂತದ ಸೂಜಿ ನೆಲದ ಕಡೆ ತಲೆ ಬಾಗಿಸುವ ಕೋನಕ್ಕೂ ಇದೇ ಹೆಸರು. ಕಾಂತೀಯ ಸಮಭಾಜಕದಲ್ಲಿ ಅದು ಸೊನ್ನೆ, ಕಾಂತೀಯ ಧ್ರುವದಲ್ಲಿ 90 ಡಿಗ್ರಿ.

ಇಷ್ಟೆಲ್ಲ ಆಕಾಶ ನೋಡುವ ಬದಲು ನೌಬಾದಿಗೆ ಹೋಗಿ ಬನ್ನಿ. ಬೀದರಿನ ಪಕ್ಕದಲ್ಲೇ ಇದೆ. ಅಲ್ಲಿ ನೆಲದ ಕೆಳಗೆ ಬಹಮನಿ ಕಾಲದ, 15ನೇ ಶತಮಾನದ ಕರೇಜ್ ಇದೆ. ನಮ್ಮವರು ಸುರಂಗ ಬಾವಿ ಅನ್ನುತ್ತಾರೆ. ಪರ್ಷಿಯಾದ ಕಡೆಯ ವಿದ್ಯೆ. ನೀರಿರುವ ಮೇಲಿನ ಜಾಗದಿಂದ ಊರಿನ ಕಡೆಗೆ ಕಲ್ಲಿನಲ್ಲಿ ಸುರಂಗ ಕೊರೆದು, ಗಾಳಿ ಬೆಳಕಿಗೆ ನಡುನಡುವೆ ಬಾವಿಯಂಥ ಕಂಡಿ ಬಿಟ್ಟಿದ್ದಾರೆ. ಪಂಪಿಲ್ಲ, ಏತವಿಲ್ಲ. ನೀರು ತಾನಾಗಿ ಹರಿಯಬೇಕು.

ಅದರ ಗುಟ್ಟೆಲ್ಲ ಇಳಿಜಾರಿನಲ್ಲಿದೆ. ಓರೆ ಜಾಸ್ತಿಯಾದರೆ ನೀರು ರಭಸಕ್ಕೆ ಸುರಂಗವನ್ನೇ ಕೊರೆಯುತ್ತದೆ. ಕಡಿಮೆಯಾದರೆ ನಿಂತು ಹೂಳು ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು, ಆದರೆ ನೀರಿಗೆ ಗೊತ್ತಾಗುವಷ್ಟು ಓರೆ ಬೇಕು. ಕಂಡಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಕೆಳಗೆ ನೆಲ ಸಮತಟ್ಟಾಗೇ ಕಾಣುತ್ತದೆ. ಯಾವ ಕಡೆಗೆ ಇಳಿಜಾರು ಅಂತ ನನ್ನ ಕಣ್ಣಿಗೆ ತಿಳಿಯಲಿಲ್ಲ. ಜೊತೆಗೆ ಬಂದ ಹುಡುಗಿಯೊಬ್ಬಳು ಅಂದಳು: ‘ಸರ್, ಇನ್‌ಕ್ಲಿನೇಶನ್ ಅಂದ್ರೆ ಇದೇ ಅಲ್ವಾ? ಕಾಣಲ್ಲ, ಆದ್ರೆ ನೀರು ಅತ್ತ ಕಡೆನೇ ಹೋಗ್ತದ.’ ನಾನು ಮೂರು ಕ್ಲಾಸಿನಲ್ಲಿ ಹೇಳಲಾಗದ್ದನ್ನು ಅವಳು ಒಂದೇ ಸಾಲಿನಲ್ಲಿ ಹೇಳಿದಳು.

ಟೆಂಡೆನ್ಸಿಗೂ ಇದಕ್ಕೂ ಏನು ವ್ಯತ್ಯಾಸ?

ಟೆಂಡೆನ್ಸಿಗೆ ಮನಸ್ಸು ಬೇಕಿಲ್ಲ. ಸುಗ್ಗಿಯಲ್ಲಿ ತೊಗರಿ ಮಾರುಕಟ್ಟೆಗೆ ರಾಶಿ ರಾಶಿ ಬಂದಾಗ ಬೆಲೆ ಇಳಿಯುವ ಟೆಂಡೆನ್ಸಿ ಇರುತ್ತದೆ. ಬೆಲೆಗೆ ಇಳಿಯುವ ಇನ್‌ಕ್ಲಿನೇಶನ್ ಇದೆ ಅನ್ನಲು ಬರುವುದಿಲ್ಲ. ಇಳಿಯಲೋ ಬೇಡವೋ ಅಂತ ಬೆಲೆ ಕೂತು ಯೋಚಿಸುವುದಿಲ್ಲ. ತೊಗರಿಯನ್ನು ಈಗಲೇ ಮಾರೋಣ ಅಂತ ರೈತನಿಗೆ ಅನಿಸುತ್ತದಲ್ಲ, ಅದು ಇನ್‌ಕ್ಲಿನೇಶನ್.

ಇನ್ನೊಂದು ವ್ಯತ್ಯಾಸ. ಟೆಂಡೆನ್ಸಿ ಎಂದರೆ ಹಲವು ಸಲ ನಡೆದದ್ದು, ನೋಡಿದವರು ಹೇಳುವುದು. ಇನ್‌ಕ್ಲಿನೇಶನ್ ಒಂದೇ ಸಲಕ್ಕೂ ಆಗಬಹುದು, ಒಳಗಿನವನಿಗೇ ಗೊತ್ತು. ‘ಮೈ ಫಸ್ಟ್ ಇನ್‌ಕ್ಲಿನೇಶನ್ ವಾಸ್ ಟು ಸೇ ನೋ’ ಎಂದರೆ ‘ಮೊದಲಿಗೆ ಬೇಡ ಅನ್ನೋಣ ಅನಿಸಿತ್ತು’. ಆಮೇಲೆ ಹೂಂ ಅಂದಿರಲೂಬಹುದು.

ಪ್ರೊಪೆನ್ಸಿಟಿ, ಪ್ರೊಕ್ಲಿವಿಟಿ, ಪೆನ್ಶಾಂ, ಬೆಂಟ್, ಬಯಾಸ್... ಎಲ್ಲ ಒಂದೇ ತಾನೇ? ಪರೀಕ್ಷೆಗೆ ಹಾಗೇ ಉರುಹೊಡೀತೀವಿ.

ಉರುಹೊಡೆದರೆ ಒಂದು ಮಾರ್ಕ್ ಬರಬಹುದು, ವಾಕ್ಯ ಬರುವುದಿಲ್ಲ. ಒಂದೊಂದರ ಒಳಗೂ ಒಂದು ಚಿತ್ರವಿದೆ, ಅದನ್ನು ಹಿಡಿದರೆ ಮರೆಯುವುದೂ ಇಲ್ಲ.

ಪ್ರೊಕ್ಲಿವಿಟಿಯಲ್ಲಿ ಇರುವುದು ಮುಂದಕ್ಕೆ ಇಳಿಜಾರಾದ ಗುಡ್ಡ. ಕಾಲಿಟ್ಟರೆ ಜಾರುವುದೇ. ಹಾಗಾಗಿ ಜಾಸ್ತಿ ಕೆಟ್ಟ ಚಾಳಿಗೇ ಬಳಸುತ್ತಾರೆ. ಪ್ರೊಪೆನ್ಸಿಟಿ ಎಂದರೆ ಮುಂದಕ್ಕೆ ತೂಗಿಬಿದ್ದದ್ದು. ಸುಳ್ಳು ಹೇಳುವ, ಜಗಳಕ್ಕೆ ನಿಲ್ಲುವ ಸ್ವಭಾವಕ್ಕೆ ಅದು ಸರಿ. ಪೆನ್ಶಾಂ ಫ್ರೆಂಚಿನ ‘ವಾಲುವುದು’. ಅದರಲ್ಲಿ ಸ್ವಲ್ಪ ಶೋಕಿ ಇದೆ. ನಮ್ಮಲ್ಲಿ ‘ಅವನಿಗೆ ಅತ್ತರಿನ ಶೋಕಿ ಭಾಳ’ ಅನ್ನುತ್ತೇವಲ್ಲ, ಅಲ್ಲಿ ಪೆನ್ಶಾಂ ಕೂರುತ್ತದೆ. ಮಾಂಸದ ಅಂಗಡಿಗೆ ಹೋಗುವಾಗಲೂ ಅತ್ತರು ಹಾಕಿಕೊಳ್ಳುವವರು ಈ ಊರಲ್ಲಿದ್ದಾರೆ, ನಿಜ ಹೇಳುತ್ತೇನೆ.

ಬೆಂಟ್ ಅಂದರೆ ಬಾಗಿದ ಬಿಲ್ಲಿನ ನೆನಪು. ಹುಟ್ಟಿನಿಂದ ಬಂದ ಬಾಗು. ಬಯಾಸ್ ಅಂದರೆ ಮೊದಲು ಬರೀ ಓರೆ ಗೆರೆ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದಲ್ಲಿ ಹಿಂದೆ ಚೆಂಡಿನ ಒಂದು ಮಗ್ಗುಲು ಭಾರ ಮಾಡುತ್ತಿದ್ದರು, ಅದು ನೇರ ಉರುಳದೆ ಸೊಟ್ಟ ಹೋಗುತ್ತಿತ್ತು. ಆ ಸೊಟ್ಟವೇ ಈಗಿನ ಪಕ್ಷಪಾತ. ಇನ್‌ಕ್ಲಿನೇಶನ್ ಇದ್ದವನು ಅದನ್ನು ಒಪ್ಪಿಕೊಳ್ಳುತ್ತಾನೆ. ಬಯಾಸ್ ಇದ್ದವನು ತಾನು ನೇರ ಇದ್ದೇನೆ ಅಂತಲೇ ನಂಬಿರುತ್ತಾನೆ.

ಆಪ್ಟಿಟ್ಯೂಡ್ ಅಂದರೂ ಇದೇನಾ? ಮಗನ ಇನ್‌ಕ್ಲಿನೇಶನ್ ಸೈನ್ಸ್ ಕಡೆ ಇದೆ, ಅದಕ್ಕೇ ಸೈನ್ಸಿಗೆ ಹಾಕ್ತೀವಿ ಅಂತ ತಂದೆ ತಾಯಿ ಅಂತಾರೆ.

ಬೇರೆ ಬೇರೆ. ತಂದೆ ತಾಯಿ ಹೇಳುವುದು ಬಹಳ ಸಲ ಅವರದ್ದೇ ಇನ್‌ಕ್ಲಿನೇಶನ್, ಅದು ಇನ್ನೊಂದು ಕಥೆ.

ಬಿದರಿ ಕೆಲಸ ಮಾಡುವ ಮನೆಯೊಂದರಲ್ಲಿ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿ. ಅದರ ಮೇಲೆ ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಮೆಲ್ಲಗೆ ಕುಟ್ಟುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಬಿಸಿ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮನೆಯ ಹುಡುಗನಿಗೆ ಹತ್ತು ವರ್ಷ ಇರಬಹುದು. ಹೊರಗೆ ಕ್ರಿಕೆಟ್ ನಡೆದಿತ್ತು, ಎರಡು ಸಲ ಗೆಳೆಯರು ಕರೆದರು. ಅವನು ಏಳಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಆ ತಂತಿ ಗೀರಿನೊಳಗೆ ಕೂರುವುದನ್ನೇ ನೋಡುತ್ತಿದ್ದ. ಅದು ಇನ್‌ಕ್ಲಿನೇಶನ್. ತಂದೆ ಉಳಿ ಕೊಟ್ಟರು, ಮೊದಲ ಗೆರೆಯೇ ನಡುಗದೆ ಬಂತು. ಅದು ಆಪ್ಟಿಟ್ಯೂಡ್. ತಂದೆಯ ಹಾಗೆ ಕಣ್ಣು ಬೇರೆಲ್ಲೋ ಇಟ್ಟು ಮಾತಾಡುತ್ತಲೇ ಎಲೆ ಮೂಡಿಸಲು ಇನ್ನೂ ಎಷ್ಟೋ ವರ್ಷ ಬೇಕು. ಅದು ಸ್ಕಿಲ್.

ಒಲವಿದ್ದು ಕೈ ನಡುಗುವವರೂ ಇದ್ದಾರೆ. ಕೈ ಚೆನ್ನಾಗಿದ್ದು ಮನಸ್ಸಿಲ್ಲದವರು ಇನ್ನೂ ಜಾಸ್ತಿ.

ಮುಂದೆ ‘ಟು’ ಹಾಕಬೇಕಾ, ‘ಫಾರ್’ ಹಾಕಬೇಕಾ?

ಮುಂದೆ ಕ್ರಿಯಾಪದ ಬಂದರೆ ‘ಟು’: ‘ಹಿ ಶೋಡ್ ನೋ ಇನ್‌ಕ್ಲಿನೇಶನ್ ಟು ಲೀವ್.’ ಚಹಾ ಮುಗಿಸಿ, ಬಿಸ್ಕಿಟ್ ಮುಗಿಸಿ, ಆದರೂ ಎದ್ದೇಳದ ನೆಂಟನಿಗೆ ಈ ವಾಕ್ಯ. ನಾಮಪದ ಬಂದರೆ ‘ಫಾರ್’, ‘ಟುವರ್ಡ್ಸ್’, ಕೆಲವೊಮ್ಮೆ ‘ಟು’: ‘ಆ್ಯನ್ ಇನ್‌ಕ್ಲಿನೇಶನ್ ಫಾರ್ ಮ್ಯೂಸಿಕ್’. ‘ಇನ್‌ಕ್ಲಿನೇಶನ್ ಆಫ್ ಡೂಯಿಂಗ್’ ಅಂತ ಬರೆಯಬೇಡಿ. ‘ಆಫ್’ ಬರುವುದು ವಸ್ತುವಿಗೆ: ‘ದಿ ಇನ್‌ಕ್ಲಿನೇಶನ್ ಆಫ್ ದ ರೂಫ್’. ತಲೆಗೂ ಬರುತ್ತದೆ, ‘ಆ್ಯನ್ ಇನ್‌ಕ್ಲಿನೇಶನ್ ಆಫ್ ದ ಹೆಡ್’ ಎಂದರೆ ತಲೆ ಸ್ವಲ್ಪ ಬಾಗಿಸಿ ನಮಸ್ಕಾರ ಅಂದ ಹಾಗೆ.

ಇನ್ನೆರಡು ಜೋಡಣೆ ಬಾಯಿಪಾಠ ಮಾಡಿಕೊಳ್ಳಿ. ‘ನೈದರ್ ದ ಟೈಮ್ ನಾರ್ ದಿ ಇನ್‌ಕ್ಲಿನೇಶನ್’, ಅಂದರೆ ಟೈಮೂ ಇಲ್ಲ, ಮನಸ್ಸೂ ಇಲ್ಲ. ‘ಬೈ ಇನ್‌ಕ್ಲಿನೇಶನ್’, ಅಂದರೆ ಮನಸ್ಸಿನಿಂದ. ‘ಟೀಚರ್ ಬೈ ಪ್ರೊಫೆಶನ್, ಫಾರ್ಮರ್ ಬೈ ಇನ್‌ಕ್ಲಿನೇಶನ್.’ ಶನಿವಾರ ಮಧ್ಯಾಹ್ನ ಬೆಲ್ ಹೊಡೆದ ತಕ್ಷಣ ಹೊಲದ ಕಡೆ ಬೈಕ್ ತಿರುಗಿಸುವ ಮೇಷ್ಟ್ರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ.

‘ಐ ಆ್ಯಮ್ ಇನ್‌ಕ್ಲೈನ್ಡ್ ಟು ಅಗ್ರೀ’ ಅಂದರೆ ಒಪ್ಪಿದ ಹಾಗಾ, ಇಲ್ಲವಾ?

ಮುಕ್ಕಾಲು ಒಪ್ಪಿದ ಹಾಗೆ. ‘ನಿಮ್ಮ ಮಾತು ಸರಿ ಅನಿಸ್ತದ’ ಅನ್ನುವ ತೂಕ. ಬಾಗಿಲು ಇನ್ನೂ ಸ್ವಲ್ಪ ತೆರೆದೇ ಇರುತ್ತದೆ. ಇಂಟರ್‌ವ್ಯೂನಲ್ಲಿ ಗಟ್ಟಿಯಾಗಿ ಹೇಳಲು ಧೈರ್ಯವಿಲ್ಲದಾಗ ಇದು ಒಳ್ಳೆಯ ಸಂಗಾತಿ. ಆದರೆ ಎರಡನೇ ಸಲ ಬಳಸಿದರೆ ನಿಮಗೆ ಅಭಿಪ್ರಾಯವೇ ಇಲ್ಲ ಅಂದುಕೊಳ್ಳುತ್ತಾರೆ.

‘ಐ ಹ್ಯಾಡ್ ಆ್ಯನ್ ಇನ್‌ಕ್ಲಿನೇಶನ್ ದಟ್ ಹಿ ವುಡ್ ಕಮ್’: ಸರಿಯಾ?

ತಪ್ಪು. ಅಲ್ಲಿ ಬೇಕಾದ್ದು ‘ಇಂಕ್ಲಿಂಗ್’, ಸುಳಿವು. ಕಿವಿಗೆ ಹತ್ತಿರ ಕೇಳಿಸುತ್ತದೆ, ನೆಂಟಸ್ತಿಕೆ ಇಲ್ಲ.

ಉಚ್ಚಾರ?

ಇನ್-ಕ್ಲಿ-ನೇ-ಶನ್. ಒತ್ತು ‘ನೇ’ ಮೇಲೆ. ಕ್ರಿಯಾಪದದಲ್ಲಿ ಮಾತ್ರ ‘ಕ್ಲೈನ್’. ‘ಇನ್‌ಕ್ಲೈನೇಶನ್’ ಅನ್ನಬೇಡಿ.

ನಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಏನಂತಾರೆ?

ಬೀದರಿನಲ್ಲಿ ನಿಂತು ಕೇಳಿದರೆ ನಾಲ್ಕು ಉತ್ತರ ಸಿಗುತ್ತವೆ. ಉರ್ದು ಮಾತಾಡುವವರು ‘ಝುಕಾವ್’ ಅನ್ನುತ್ತಾರೆ, ಬಾಗುವುದು. ಮರಾಠಿಯವರು ‘ಕಲ’ ಅನ್ನುತ್ತಾರೆ, ವಾಲುವುದು. ತೆಲುಗಿನವರದ್ದು ‘ಮೊಗ್ಗು’, ಅದೂ ವಾಲುವುದೇ. ಇಂಗ್ಲಿಷಿನದ್ದೂ ವಾಲುವುದೇ. ಎಲ್ಲರೂ ಓರೆ ಗೋಡೆಯಿಂದ ಹೊರಟು ಮನಸ್ಸಿಗೆ ಬಂದವರು. ಕನ್ನಡದ ‘ಒಲವು’ ಮಾತ್ರ ಬೇರೆ. ಅದು ‘ಒಲಿ’ಯಿಂದ ಬಂತು, ಅಂದರೆ ಪ್ರೀತಿಯಿಂದ. ದೇವರು ಒಲಿದ, ವಿದ್ಯೆ ಒಲಿಯಿತು ಅನ್ನುವ ಒಲಿ. ಅದಕ್ಕೇ ನೋಡಿ, ನನ್ನ ಸೋಲಾರ್ ಪ್ಲೇಟು ಪ್ರೀತಿಗೆ ಬಿದ್ದದ್ದು.

ಆದರೆ ಇಲ್ಲಿ ‘ಒಲವು’ ಅಂತ ದಿನನಿತ್ಯ ಯಾರೂ ಅನ್ನುವುದಿಲ್ಲ, ಅದು ಪುಸ್ತಕದ ಮಾತು. ‘ಮನಸ್ಸದ’, ‘ಮನಸ್ಸಿಲ್ರಿ’, ‘ಅವನ ಖಯಾಲ್ ಅಕ್ಕಡಿ ಅದ’ ಅನ್ನುತ್ತಾರೆ.

ಮತ್ತೆ ಇದರ ವಿರುದ್ಧ ಪದ?

ಇಂಗ್ಲಿಷಿನಲ್ಲಿ ‘ಡಿಸ್‌ಇನ್‌ಕ್ಲಿನೇಶನ್’. ದ್ವೇಷವಲ್ಲ, ಹೇಸಿಗೆಯೂ ಅಲ್ಲ. ಸುಮ್ನೆ ಮನಸ್ಸಿಲ್ಲ ಅಷ್ಟೇ. ಇದಕ್ಕೆ ಕನ್ನಡ ಪದ ಹುಡುಕಿ ಹುಡುಕಿ ‘ಅನಾಸಕ್ತಿ’, ‘ನಿರಾಸಕ್ತಿ’ ಅಂತೆಲ್ಲ ಬರೆಯುತ್ತಾರೆ. ಪದ ನಮ್ಮ ಬಾಯಲ್ಲೇ ಇದೆ: ‘ಒಲ್ಲೆ’.

ಇನ್ನೊಂದು ರೊಟ್ಟಿ ಹಾಕಲಾ ಅಂದರೆ ‘ಒಲ್ಲೆ’. ಮದುವೆಗೆ ಬಾ ಅಂದರೆ ‘ಒಲ್ಲೆ’. ‘ಒಲವು’ ಯಾವ ಬೇರಿನದ್ದೋ ‘ಒಲ್ಲೆ’ಯೂ ಅದೇ ಬೇರಿನದ್ದು. ಒಲವಿಲ್ಲ ಎಂಬುದನ್ನು ಒಂದೇ ಉಸಿರಿಗೆ ಹೇಳುವ ಮಾತು. ಒಲವನ್ನು ಪುಸ್ತಕಕ್ಕೆ ಬಿಟ್ಟುಕೊಟ್ಟ ನಾವು ಒಲ್ಲೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇವೆ.

ಅದು ಅಲ್ಲಿಗೇ ನಿಂತಿಲ್ಲ. ‘ಮಳಿ ಬರವಲ್ದು’ ಅನ್ನುತ್ತೇವಲ್ಲ, ಅದು ‘ಬರ ಒಲ್ಲದು’. ಮಳೆಗೆ ಬರಲು ಮನಸ್ಸಿಲ್ಲ. ‘ಕರೆಂಟ್ ಬರವಲ್ದು’, ‘ನಿದ್ದಿ ಹತ್ತವಲ್ದು’. ಬೆಲೆಗೆ ಇನ್‌ಕ್ಲಿನೇಶನ್ ಇರುವುದಿಲ್ಲ ಅಂತ ಮೇಲೆ ಅಷ್ಟು ಗಟ್ಟಿಯಾಗಿ ಹೇಳಿದೆ. ಅದು ಇಂಗ್ಲಿಷಿನ ಕಾನೂನು. ಕಲಬುರಗಿ, ಬೀದರ, ಯಾದಗಿರಿ ಕಡೆ ಮಳೆಗೂ ಮನಸ್ಸುಂಟು, ಬಾವಿಯ ಮೋಟರಿಗೂ ಉಂಟು. ಇವತ್ತು ಬೆಳಿಗ್ಗೆ ನಾನೇ ಕ್ಲಾಸಿಗೆ ಅರ್ಧ ಗಂಟೆ ತಡ. ಹುಡುಗರು ಯಾಕೆ ಸರ್ ಅಂದರು. ಬೈಕಿನ ಡಿಸ್‌ಇನ್‌ಕ್ಲಿನೇಶನ್ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಹೇಳಲು ಹೋದೆ, ಬಾಯಿಗೆ ಬಂದದ್ದು ಮಾತ್ರ ‘ಗಾಡಿ ಚಾಲೂ ಆಗವಲ್ದು ನೋಡ್ರಪಾ’.